ಎರಡು ಬೆರಳು ಕಡಿಮೆ

ಇಟಲಿಯಲ್ಲಿ ನಮ್ಮ ಅವೆರ್ಸಾ ಕಡೆಯ ಅಸ್ಪ್ರೀನಿಯೊ ದ್ರಾಕ್ಷಿಬಳ್ಳಿಗೆ ನೆಲದ ಸಹವಾಸ ಹಿಡಿಸುವುದಿಲ್ಲ. ಪಾಪ್ಲರ್ ಮರವನ್ನು ತಬ್ಬಿಕೊಂಡು ಐವತ್ತು ಅಡಿ ಏರುತ್ತದೆ, ಪಕ್ಕದ ಮರಕ್ಕೆ ಕೈಚಾಚಿ ಹಸಿರು ಗೋಡೆಯ ಹಾಗೆ ನಿಲ್ಲುತ್ತದೆ. ಪ್ರಾಣ ಕೈಯಲ್ಲಿ ಹಿಡಿದು ಕಿತ್ತ ಈ ಹಣ್ಣಿನಿಂದ ಬರುವ ಬಿಳಿ ವೈನೋ, ನಿಂಬೆಯಷ್ಟು ಹುಳಿ. ಮೊದಲ ಗುಟುಕಿಗೆ ಮುಖ ಕಿವುಚದ ಹೊರಗಿನವರನ್ನು ನಾವು ನಂಬುವುದಿಲ್ಲ.

ಹಣ್ಣು ಕೀಳುವವನಿಗೆ ಎರಡೂ ಕೈ ಬೇಕು. ಹಾಗಾಗಿ ಮೊಣಕಾಲನ್ನು ಏಣಿಯ ಮೆಟ್ಟಿಲಿಗೆ ಸಿಕ್ಕಿಸಿಕೊಂಡೇ ಅವನು ನಿಲ್ಲಬೇಕು. ಏಣಿಯ ಮೆಟ್ಟಿಲುಗಳ ಅಂತರ ಅವನ ಕಾಲಿನ ಅಳತೆಗೇ ಆಗಿರಬೇಕು. ಒಬ್ಬನ ಏಣಿಯನ್ನು ಇನ್ನೊಬ್ಬ ಹತ್ತುವುದೆಂದರೆ ಒಬ್ಬನ ಕಟ್ಟಿಸಿದ ಹಲ್ಲನ್ನು ಇನ್ನೊಬ್ಬ ಹಾಕಿಕೊಂಡ ಹಾಗೆ.

ಊರಿಗೆಲ್ಲ ಏಣಿ ಮಾಡಿಕೊಡುವವನು ಕಸ್ತ್ರೇಸೆ. ಬೇಸಿಗೆಯ ಕೊನೆಗೆ ಅವನ ಅಂಗಡಿಯಲ್ಲಿ ಕೂತು ಕುಡಿಯುವುದು ನಮ್ಮ ಕೆಲವರ ರೂಢಿ. ಒಂದು ಬೆಳಿಗ್ಗೆ ಮುದುಕ ತಮ್ಮಾರೊ ಹುಳ ತಿಂದ ತನ್ನ ಏಣಿಯನ್ನು ಎಳೆದುಕೊಂಡು ಬಂದ.

“ಗೋಡೆಗೆ ಒರಗಿ ನಿಲ್ಲು, ಕಾಲೆತ್ತು,” ಎಂದ ಕಸ್ತ್ರೇಸೆ, ಗುರುತು ಹಾಕಲು ಇದ್ದಿಲು ಹಿಡಿದು.

“ಅಳೆಯೋಕೆ ನಾನೇನು ಮದುವೆ ಗಂಡಾ? ಹಳೇ ಅಳತೇಲೇ ಮಾಡು.”

“ಅದು ನಿನ್ನ ಮೂವತ್ತರ ಕಾಲು ಕಣೋ.”

“ಕಾಲು ಅದೇ. ನಿನ್ನ ಕಣ್ಣು ಮಂಜಾಗಿದೆ.”

ಪಕ್ಕದ ತೋಟದ ಎಲ್ಪಿಡಿಯೊ ಬೆಂಚಿನ ಮೇಲಿಂದ ಕೆಣಕಿದ: “ತಮ್ಮಾರೊ ಮಾವ, ಈ ಸಲ ನಿಮ್ಮ ಮರದ ಸಾಲು ನನಗೆ ಬಿಡಿ. ನೀವು ಕೆಳಗೆ ಹೆಂಗಸರ ಜೊತೆ ಬುಟ್ಟಿ ಹಿಡ್ಕೊಳ್ಳಿ.”

“ನಿಮ್ಮಪ್ಪನಿಗೆ ಹತ್ತೋದು ಕಲಿಸಿದ್ದೇ ನಾನು. ಅವನೂ ನಿನ್ನ ಹಾಗೇ, ಬಾಯಲ್ಲೇ ಜಾಸ್ತಿ ಹತ್ತುತಿದ್ದ.”

ಮಧ್ಯಾಹ್ನ ತಮ್ಮಾರೊನ ಹೆಂಡತಿ ರಕೀಲೆ ಒಬ್ಬಳೇ ಬಂದಳು.

“ಮೇಸ್ತ್ರಿ, ಮಂಚ ಹತ್ತೋಕೂ ಅವನಿಗೆ ನನ್ನ ಭುಜ ಬೇಕು. ಮರ ಹತ್ಬೇಡ ಅಂದ್ರೆ ಮಾತು ಬಿಡ್ತಾನೆ. ನೀನು ಮೆಟ್ಟಿಲನ್ನ ಎರಡು ಬೆರಳು ಹತ್ರ ಹತ್ರ ಹಾಕಿಬಿಡು. ಅವನಿಗೆ ಹೇಳ್ಬೇಡ.”

“ಗೊತ್ತಾಗುತ್ತಮ್ಮ ಅವನಿಗೆ.”

“ಏನೂ ಗೊತ್ತಾಗಲ್ಲ. ನನ್ನ ಕೂದಲು ಬೆಳ್ಳಗಾಗಿದ್ದೇ ಇನ್ನೂ ಗೊತ್ತಾಗಿಲ್ಲ.”

ಕಸ್ತ್ರೇಸೆ ನಕ್ಕ. ನಗಿಸಿದವರ ಮಾತನ್ನು ತೆಗೆದುಹಾಕುವುದು ಅವನಿಗೆ ಆಗದು. ಎರಡು ಬೆರಳು ಕಡಿಮೆ ಮಾಡಿದ.

ಸುಗ್ಗಿಯ ದಿನ ತಮ್ಮಾರೊ ಹೊಸ ಏಣಿಯನ್ನು ಮರಕ್ಕೆ ಒರಗಿಸಿ, ಮೊದಲ ನಾಲ್ಕು ಮೆಟ್ಟಿಲು ಹುಷಾರಾಗಿ ನೋಡಿಕೊಂಡು ಏರಿದ. ಆಮೇಲೆ ಮೇಲಿಂದ ಕೂಗು ಬಂತು.

“ರಕೀಲೆ! ಮೊಣಕಾಲು ವಾಸಿಯಾಗಿದೆ ಕಣೇ! ಇದು ಏಣಿಯಲ್ಲ, ಔಷಧಿ!”

ರಕೀಲೆ ಹಿಗ್ಗಿದಳು. ಮೇಲಿಂದ ಹಗ್ಗದಲ್ಲಿ ಒಂದೊಂದೇ ಬುಟ್ಟಿ ಇಳಿಯಿತು. ಬುಟ್ಟಿಯ ಚೂಪಾದ ತಳ ಮಣ್ಣಿಗೆ ಚುಚ್ಚಿಕೊಂಡು ನೆಟ್ಟಗೆ ನಿಂತಿತು. ಔಷಧಿ ಹಿಡಿದವನು ಅಳತೆ ಮೀರುವುದು ಸಹಜ. ವರ್ಷಗಳಿಂದ ಹಕ್ಕಿಗಳಿಗೆ ಬಿಟ್ಟುಕೊಟ್ಟಿದ್ದ ತುದಿಯ ಗೊಂಚಲುಗಳವರೆಗೂ ಅವನು ಹೋದ.

“ಸಾಕು, ಇಳಿ!” ಎಂದಳು ರಕೀಲೆ.

ಹತ್ತುವಾಗ ಕಣ್ಣು ಮೆಟ್ಟಿಲನ್ನು ನೋಡುತ್ತದೆ. ಇಳಿಯುವಾಗ ಕಾಲು ನೆನಪಿನ ಮೇಲೆ ನಡೆಯುತ್ತದೆ. ತಮ್ಮಾರೊ ಪಕ್ಕದ ಸಾಲಿನ ಎಲ್ಪಿಡಿಯೊಗೆ ಏನೋ ಚುಚ್ಚುಮಾತು ಹೇಳುತ್ತ ಕಾಲು ಇಳಿಬಿಟ್ಟ. ಕಾಲು ತನ್ನ ಹಳೆಯ ಅಳತೆಗೆ ಇಳಿಯಿತು. ಮೆಟ್ಟಿಲು ಅದಕ್ಕಿಂತ ಎರಡು ಬೆರಳು ಮೇಲೇ ಇತ್ತು. ಕಾಲು ಅದನ್ನು ದಾಟಿ ಗಾಳಿಯನ್ನು ತುಳಿಯಿತು. ಮಾತು ಅರ್ಧಕ್ಕೇ ನಿಂತಿತು.

ಬೆನ್ನು ಮುರಿದಿತ್ತು. ಮರುದಿನದವರೆಗೆ ಜೀವವಿತ್ತು. ಬುದ್ಧಿ ಸ್ಪಷ್ಟವಾಗಿತ್ತು, ಅದೇ ಕಷ್ಟ.

“ಮೇಸ್ತ್ರಿಗೆ ಬೈಬೇಡ,” ಎಂದ, ರಕೀಲೆ ವೈನಿನಲ್ಲಿ ಅದ್ದಿದ ಬಟ್ಟೆಯಿಂದ ತುಟಿ ಒರೆಸುವಾಗ. “ಏಣಿ ಸರಿಯಾಗೇ ಇತ್ತು. ಅಳತೆ ಕೊಡ್ಬೇಕಿತ್ತು ನಾನು. ಕಾಲಿಗೆ ವಯಸ್ಸಾಗಿದೆ ಅಂತ ಒಪ್ಪಿಕೊಳ್ಳಲಿಲ್ಲ.”

ರಕೀಲೆ ಬಾಯಿ ತೆರೆದಳು.

“ಏನು?”

“ಏನಿಲ್ಲ. ಮಲಗು.”

ಅವನು ಮಲಗಿದ.

ತಮ್ಮಾರೊ ಮಣ್ಣಾದ ಮೇಲೂ ಅರ್ಧ ಸಾಲಿನ ಹಣ್ಣು ಮರದಲ್ಲೇ ಇತ್ತು. ಹಣ್ಣು ಸೂತಕ ಆಚರಿಸುವುದಿಲ್ಲ. ಎಲ್ಪಿಡಿಯೊ ತನ್ನ ಏಣಿ ಹೊತ್ತು ಬಂದು ಟೋಪಿ ತೆಗೆದ. ಕಪ್ಪು ಬಟ್ಟೆಯ ರಕೀಲೆ ಬುಟ್ಟಿಯ ಹಗ್ಗ ಹಿಡಿದು ಮರದ ಬುಡದಲ್ಲಿ ನಿಂತಿದ್ದಳು.

“ಇದಕ್ಕೆ ಅಳತೆ ಯಾರು ಕೊಟ್ಟಿದ್ದು?”

“ನಾನೇ ಅತ್ತೆ. ಗೋಡೆಗೊರಗಿ ನಿಂತಿದ್ದೆ.”

“ಆಮೇಲೆ ನಿನ್ನ ಹೆಂಡತಿ ಮೇಸ್ತ್ರಿ ಹತ್ರ ಹೋಗಿದ್ಲಾ?”

“ಅವಳ್ಯಾಕೆ ಹೋಗ್ತಾಳೆ?”

“ಕೇಳ್ಕೊಂಡು ಬಾ. ಆಮೇಲೆ ಹತ್ತು.”

ಎಲ್ಪಿಡಿಯೊ ನಕ್ಕ. ಅವಳ ಮುಖ ನೋಡಿ ನಗುವನ್ನು ನುಂಗಿಕೊಂಡ. ಏಣಿಯನ್ನು ಹುಲ್ಲಿನ ಮೇಲೆ ಮಲಗಿಸಿ, ಹೆಂಡತಿಯನ್ನು ಹುಡುಕಿಕೊಂಡು ಮನೆಯ ಕಡೆ ಹೊರಟ.