ಅಲ್ಲಿ ಯಾರಿದ್ದರು

ಸತ್ತು ವಾಪಸ್ಸು ಬಂದದ್ದಕ್ಕೆ ಲಿಫ್ಟ್ ಮೆಕ್ಯಾನಿಕ್ ತೆತ್ತದ್ದು ಎರಡು ಪಕ್ಕೆಲುಬು, ಒಂದು ಮುಂದಿನ ಹಲ್ಲು, ಬಲಗೈ ಹೆಬ್ಬೆರಳಿನ ಉಗುರು ಮತ್ತು ಆಸ್ಪತ್ರೆಯವರು ಕತ್ತರಿ ಹಾಕಿ ಸೀಳಿದ ಒಂದು ಹೊಸ ಅಂಗಿ. ಇವುಗಳಲ್ಲಿ ಅಂಗಿಯ ಬಗ್ಗೆಯೇ ಅವನಿಗೆ ಹೆಚ್ಚು ಸಂಕಟ.

"ಗುಂಡಿ ಬಿಚ್ಚೋಕೆ ಎಷ್ಟು ಹೊತ್ತು ಬೇಕಿತ್ತು ಅವರಿಗೆ?" ಎಂದು ದಿಂಬಿಗೊರಗಿ ಗೊಣಗಿದ.

"ನಿಮ್ಮ ಗುಂಡಿಗೆ ನಿಂತಿತ್ತು. ಅಂಗಿ ಬಿಚ್ಚಿ ಮಡಚಿಡ್ತಾ ಕೂತಿರ್ಬೇಕಿತ್ತಾ?" ಎಂದಳು ಹೆಂಡತಿ.

ನಡೆದದ್ದು ಇಷ್ಟೆ. ಆ ಕಟ್ಟಡದಲ್ಲಿ ಅಕ್ಕಪಕ್ಕ ಎರಡು ಲಿಫ್ಟು. ತಾರಸಿಯ ಕೋಣೆಯಲ್ಲಿ ಎರಡಕ್ಕೂ ಬೇರೆ ಬೇರೆ ಮೇನ್ ಸ್ವಿಚ್ಚು. ಗೋಡೆಗೆ ಬಣ್ಣ ಬಳಿದವರು ಸ್ವಿಚ್ಚಿನ ಮೇಲಿದ್ದ ಚೀಟಿಗಳನ್ನು ಕಿತ್ತು, ಮತ್ತೆ ಅಂಟಿಸುವಾಗ ಅದಲುಬದಲು ಮಾಡಿದ್ದರು. ಟೆಸ್ಟರ್ ಹಚ್ಚಿ ನೋಡದೆ ಕೈ ಹಾಕಬೇಡಿ ಎಂದು ಊರಿಗೆಲ್ಲ ಪಾಠ ಹೇಳುವವನು ಅವತ್ತು ಚೀಟಿಯನ್ನು ನಂಬಿ ಕೈ ಹಾಕಿದ. ಆಮೇಲೆ ಕೆಲವು ನಿಮಿಷ ಅವನ ಎದೆ ಬಡಿಯಲಿಲ್ಲ. ಕಟ್ಟಡದ ಕಾವಲಿನವನು ಎಂದೋ ಕಲಿತದ್ದನ್ನು ನೆನಪು ಮಾಡಿಕೊಂಡು, ಆಂಬುಲೆನ್ಸ್ ಬರುವವರೆಗೂ ಎದೆಯನ್ನು ಒತ್ತಿ ಒತ್ತಿ ಉಳಿಸಿದ. ಪಕ್ಕೆಲುಬು ಮುರಿದದ್ದೂ ಅವನೇ. ಕೆಲಸದ ಜಾಗದಲ್ಲಿ ಈಗ ಇವನಿಗೆ 'ರಿಟರ್ನ್ ಟಿಕೆಟ್' ಎಂದು ಹೆಸರು.

ನೋಡಲು ಬಂದವರೆಲ್ಲ ಮೊದಲು ನೋವು ಹೇಗಿದೆ ಎಂದು ಕೇಳುತ್ತಿದ್ದರು. ಆಮೇಲೆ ಕುರ್ಚಿಯನ್ನು ಸ್ವಲ್ಪ ಹತ್ತಿರ ಎಳೆದುಕೊಂಡು, ದನಿ ತಗ್ಗಿಸಿ, "ಅಲ್ಲಿ ಏನು ಕಾಣ್ತು?" ಎನ್ನುತ್ತಿದ್ದರು. ಏನೂ ಕಂಡಿರಲಿಲ್ಲ. ಕೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಮರುಕ್ಷಣ ಆಸ್ಪತ್ರೆಯ ಟ್ಯೂಬ್‌ಲೈಟು. ನಡುವೆ ಇದ್ದದ್ದನ್ನು ಕತ್ತಲೆ ಅನ್ನುವುದಕ್ಕೂ ಇಲ್ಲ, ಕತ್ತಲೆಯಾದರೂ ಗೊತ್ತಾಗುತ್ತದೆ. ಇದನ್ನು ಹೇಳಿದರೆ ಜನ ಅವನನ್ನು ದೂರದ ಊರಿಂದ ಬರಿಗೈಲಿ ಬಂದ ನೆಂಟನಂತೆ ನೋಡುತ್ತಿದ್ದರು.

"ಇವರ ವಿಷಯ ಬಿಡಿ," ಎಂದು ಹೆಂಡತಿ ಸಮಾಧಾನ ಹೇಳುತ್ತಿದ್ದಳು. "ಮದುವೆ ಮನೆಗೆ ಹೋಗಿ ಬಂದ್ರೂ ಯಾರ್ಯಾರು ಬಂದಿದ್ರು ಅಂದ್ರೆ ಗೊತ್ತಿಲ್ಲ ಅಂತಾರೆ."

ಅಕ್ಕ ಬಂದದ್ದು ಎಲ್ಲರೂ ಬಂದು ಹೋದ ಮೇಲೆ. ಅಮ್ಮ ಸತ್ತಾಗ ಅವನಿಗೆ ಸರಿಯಾಗಿ ಮಾತೂ ಬರುತ್ತಿರಲಿಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅಕ್ಕ. ಕಿಟಕಿ ಪರದೆ ಹೊಲಿಯುವುದು ಅವಳ ಕಸುಬು. ಭಾವ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಅವರು ತೀರಿಕೊಂಡ ತಿಂಗಳಲ್ಲೇ ಅವರು ಕೂರುತ್ತಿದ್ದ ಮರದ ಕುರ್ಚಿಯನ್ನು ಅಕ್ಕ ಗುಜರಿಯವನಿಗೆ ಕೊಟ್ಟಿದ್ದಳು. ಮೆಟ್ಟಿಲಿಳಿಸಿ ಕೊಟ್ಟವನು ಇವನೇ. ಕಣ್ಣೆದುರಿಗಿದ್ದರೆ ನೆನಪು ಕಾಡುತ್ತದೆ, ಪಾಪ, ಎಂದುಕೊಂಡಿದ್ದ.

ಅಕ್ಕ ಅವನ ಮುರಿದ ಹಲ್ಲನ್ನು ನೋಡಿದಳು, ಹೆಬ್ಬೆರಳನ್ನು ನೋಡಿದಳು. ಆಮೇಲೆ ಹೊದಿಕೆಯ ಅಂಚನ್ನು ಬೆರಳಲ್ಲಿ ನೀವುತ್ತ ಕೇಳಿದಳು: "ನಿನ್ನ ಭಾವ ಕಂಡ್ರೇನೋ?"

ಊರವರಿಗೆಲ್ಲ ಇಲ್ಲ ಎಂದದ್ದಾಗಿತ್ತು. ಇವಳಿಗೂ ಹಾಗೆ ಹೇಳಲು ಬಾಯಿ ಬರಲಿಲ್ಲ. "ಕಂಡ್ರಕ್ಕ," ಎಂದ. "ಚೆನ್ನಾಗಿದಾರೆ. ನಿನ್ನ ವಿಚಾರ ಕೇಳಿದ್ರು. ನಾನು ಕಾಯ್ತಿರ್ತೀನಿ, ನಿಧಾನಕ್ಕೆ ಬರ್ಲಿ, ಏನೂ ಅವಸರ ಇಲ್ಲ ಅಂದ್ರು."

ಅಕ್ಕ ತಲೆಯಾಡಿಸಿದಳು. ಟೀ ಬಂತು, ಕುಡಿಯದೆ ಎದ್ದು ಹೋದಳು. ದುಃಖ ಉಕ್ಕಿ ಬಂದಿರಬೇಕು ಎಂದು ಗಂಡ ಹೆಂಡತಿ ಮಾತಾಡಿಕೊಂಡರು.

ಅವನು ಎದ್ದು ಓಡಾಡುವಂತಾದ ಮೇಲೆ ಅಕ್ಕನ ಮಗಳು ಫೋನ್ ಮಾಡಿದಳು. "ಮಾಮ, ಅಮ್ಮ ಆಪರೇಷನ್ ಬೇಡ ಅಂತಿದಾಳೆ. ಹೊಟ್ಟೇಲಿರೋ ಗಡ್ಡೆ ಈಗ ತೆಗೆದ್ರೆ ಪೂರ್ತಿ ಬರುತ್ತೆ, ತಡ ಮಾಡಿದ್ರೆ ನಮ್ಮ ಕೈಲಿಲ್ಲ ಅಂದಿದಾರೆ ಡಾಕ್ಟ್ರು. ಮೊದಲು ಅವಳೇ ಒಪ್ಪಿದ್ದಳು. ನಿಮ್ಮನೆಗೆ ಬಂದು ಹೋದ ಮೇಲೆ ಹೀಗಾಗಿದಾಳೆ. ಬಂದು ಏನಾದ್ರೂ ಹೇಳಿ ಮಾಮ."

ಅವನು ಹೋದಾಗ ಅಕ್ಕ ಮುಂದಿನ ಕೋಣೆಯಲ್ಲಿ ಮಿಷನ್ನಿನ ಮುಂದೆ ಕೂತಿದ್ದಳು. ಯಾವುದೋ ಆಫೀಸಿನ ಬೂದು ಪರದೆ ಮಿಷನ್ನಿನಿಂದ ಇಳಿದು ನೆಲದ ಮೇಲೆಲ್ಲ ಹರಡಿತ್ತು. ಮಗಳು ಬಾಗಿಲು ತೆಗೆದು, ಕಣ್ಣಲ್ಲೇ ಒಳಗೆ ತೋರಿಸಿ, ಅಡುಗೆಮನೆಗೆ ಸರಿದಳು.

"ಪಕ್ಕೆ ನೋವು ಹೋಯ್ತಾ?" ಎಂದಳು ಅಕ್ಕ ತಲೆಯೆತ್ತದೆ.

"ನಕ್ಕರೆ ಮಾತ್ರ ನೋಯುತ್ತೆ."

"ನಗೋ ಅಂಥದ್ದು ಇಲ್ಲೇನೂ ಇಲ್ಲ. ಬಟ್ಟೆ ತುಳೀದೆ ಬಂದು ಕೂತ್ಕೋ."

ಅವನು ಕೂತ. "ಆಪರೇಷನ್ ಬೇಡ ಅಂದ್ಯಂತೆ."

"ಮತ್ತಿನ ಔಷಧಿ ಕೊಡ್ತಾರಂತೆ. ಏಳದೆ ಹಾಗೇ ಹೋಗಿಬಿಟ್ರೆ?"

"ಯಾಕಕ್ಕ ಹೆದರ್ತೀಯ? ಹಾಗೊಂದು ವೇಳೆ ಹೋದ್ರೂ ಭಾವ ಇದಾರಲ್ಲ ಅಲ್ಲಿ."

ಮಿಷನ್ ನಿಂತಿತು. ಅಕ್ಕ ಅವನ ಕಡೆ ತಿರುಗಿದಳು. "ಅದಕ್ಕೇ ಕಣೋ ಬೇಡ ಅಂದಿದ್ದು."

ಅವನಿಗೆ ತಿಳಿಯಲಿಲ್ಲ. ಅಡುಗೆಮನೆಯಲ್ಲಿ ನಲ್ಲಿಯ ಸದ್ದೂ ನಿಂತಿತು.

"ಅವರು ಕೆಟ್ಟವರಲ್ಲ," ಎಂದಳು ಅಕ್ಕ. "ಒಂದು ಏಟು ಹೊಡೀಲಿಲ್ಲ, ಕುಡೀಲಿಲ್ಲ. ನೀವೆಲ್ಲ ದೇವರಂಥ ಮನುಷ್ಯ ಅಂತಿದ್ರಿ. ಇಲ್ಲಿ ಕುರ್ಚಿ ಇತ್ತಲ್ಲ, ಅದರ ಕೈ ಮೇಲೆ ಬೀಗದ ಕೈಲಿ ಟಕ್ ಟಕ್ ಅಂತ ಬಡಿಯೋರು. ಹೆಸರು ಹಿಡಿದು ಕರೆದವರಲ್ಲ. ಒಂದು ಸಲ ಬಡಿದ್ರೆ ನೀರು, ಎರಡು ಸಲ ಅಂದ್ರೆ ಟೀ. ಎದ್ದು ಹೋಗಿ ಕೊಟ್ರೆ ಅದರಲ್ಲೊಂದು ಹುಳುಕು. ಅವರಿದ್ದಷ್ಟು ವರ್ಷ ಒಂದು ಪರದೆಗೂ ಈ ತುದಿಯಿಂದ ಆ ತುದಿಗೆ ನಿಲ್ಲಿಸದೆ ಹೊಲಿಗೆ ಹಾಕ್ಲಿಲ್ಲ ನಾನು. ಈಗ ಹಾಕ್ತಿದೀನಿ. ಅಲ್ಲೂ ಕೂತು ಕಾಯ್ತಿದಾರೆ ಅಂತ ನೀನು ಹೇಳಿದ ಮೇಲೆ ಯಾವ ಧೈರ್ಯದಲ್ಲಿ ಹೋಗಿ ಮಲಗ್ಲಿ? ಗಡ್ಡೆ ಆದ್ರೆ ಒಂದೆರಡು ವರ್ಷ ಬಿಟ್ಟೀತು. ಅಷ್ಟಾದ್ರೂ ನನ್ನ ಪಾಡಿಗೆ ನಾನಿರ್ತೀನಿ."

ಅವನು ನೆಲದ ಪರದೆಯನ್ನೇ ನೋಡುತ್ತ ಕೂತ. ಕೊನೆಗೆ, "ಅಕ್ಕ, ಅದು ಸುಳ್ಳು," ಎಂದ. "ನನಗೆ ಯಾರೂ ಕಾಣ್ಲಿಲ್ಲ. ನಿನಗೆ ಸಮಾಧಾನ ಆಗ್ಲಿ ಅಂತ ಹೇಳ್ದೆ."

"ಈಗ ಹೇಳ್ತಿರೋದು ಸುಳ್ಳು. ನನ್ನ ಆಸ್ಪತ್ರೆಗೆ ಹೊರಡಿಸೋಕೆ. ನನ್ನ ಮಗಳು ನಿನಗೆ ಫೋನ್ ಮಾಡಿದ್ದು ಗೊತ್ತಿಲ್ವಾ ನನಗೆ?"

"ಇಲ್ಲಕ್ಕ, ಇದು ನಿಜ."

"ಆವತ್ತೂ ಮುಖ ಹೀಗೇ ಇಟ್ಕೊಂಡಿದ್ದೆ."

ಅಕ್ಕ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸನ್ನು ಕೈಯಲ್ಲಿ ತಿರುಗಿಸುತ್ತ ಯೋಚಿಸಿದಳು. ಆಮೇಲೆ ಕೇಳಿದಳು: "ಏನಂದ್ರು ಅಂದೆ ಅವರು? ನಿಧಾನಕ್ಕೆ ಬರ್ಲಿ ಅಂದ್ರಾ?"

"ಹಾಗಂತ ನಾನು ಕಟ್ಟಿ ಹೇಳ್ದೆ."

"ಅವಸರ ಇಲ್ಲ ಅಂದ್ರು ಅಂದೆ."

"ಹೂಂ."

"ಬಸ್ಸಿಗೆ ಗಂಟೆ ಮುಂಚೆ ಹೊರಡಿಸೋ ಮನುಷ್ಯ," ಎಂದಳು ಅಕ್ಕ. "ಹೆರಿಗೆ ನೋವು ಬಂದಾಗಲೂ ಬೇಗ ಆಗ್ಲಿ ಅಂದವರು." ಅವಳ ಬಾಯಿ ಒಂದು ಕಡೆಗೆ ಸೊಟ್ಟಗಾಯಿತು. ಆಮೇಲೆ ನಗು ಬಂತು. ಅವನೂ ನಕ್ಕ, ಪಕ್ಕೆ ಹಿಡಿದುಕೊಂಡ. "ಸುಳ್ಳು ಹೇಳೋಕೂ ಬರಲ್ವಲ್ಲೋ ನಿನಗೆ."

ಅಡುಗೆಮನೆಯಲ್ಲಿ ನಲ್ಲಿ ಮತ್ತೆ ಹರಿಯಿತು.

"ಹಾಗಾದ್ರೆ ಅಲ್ಲಿ ಏನೂ ಇಲ್ವಾ?" ಎಂದು ಅಕ್ಕ ಕೇಳಿದಳು. ಈಗ ಅವಳು ನಗುತ್ತಿರಲಿಲ್ಲ.

"ನನಗೇನೂ ಕಾಣ್ಲಿಲ್ಲ."

"ಯಾರೂ?"

"ಯಾರೂ ಇಲ್ಲ."

ಅಕ್ಕ ಚಾಕ್‌ಪೀಸ್ ಕೆಳಗಿಟ್ಟಳು. "ಅಮ್ಮ?"

ಈ ಪ್ರಶ್ನೆಯನ್ನು ಅವನು ನಿರೀಕ್ಷಿಸಿರಲಿಲ್ಲ. ಅಮ್ಮ ಇದ್ದಳು ಎನ್ನಲು ನಾಲಿಗೆ ತುದಿಯವರೆಗೂ ಬಂತು. ಆದರೆ ಅಮ್ಮನಿಗೆ ತೆರೆದ ಬಾಗಿಲಲ್ಲೇ ಭಾವನೂ ಒಳಗೆ ಬರುತ್ತಾರೆ. ಒಬ್ಬರಿಗೆ ತೆಗೆದು ಇನ್ನೊಬ್ಬರಿಗೆ ಹಾಕಲು ಬರುವುದಿಲ್ಲ. ಅಕ್ಕನೂ ಅದನ್ನೇ ಯೋಚಿಸುತ್ತಿದ್ದಳೆಂದು ಅವಳ ಮುಖ ನೋಡಿದರೆ ತಿಳಿಯುತ್ತಿತ್ತು.

"ಇರ್ಲಿಲ್ಲಕ್ಕ," ಎಂದ.

"ಹೂಂ," ಎಂದಳು ಅಕ್ಕ. ಸ್ವಲ್ಪ ಹೊತ್ತು ಕಿಟಕಿಯ ಆಚೆ ನೋಡಿದಳು. ಎದುರು ಮನೆಯವರು ಕಂಬಳಿ ಕೊಡವುತ್ತಿದ್ದರು. ಆಮೇಲೆ ಒಳಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು: "ಕದ್ದು ಕೇಳಿದ್ದು ಸಾಕು, ಆ ಡಾಕ್ಟ್ರಿಗೆ ಫೋನ್ ಮಾಡು. ಈ ಪರದೆ ಮುಗಿಸಿಕೊಟ್ಟು ಬರ್ತೀನಿ ಅನ್ನು."

ಆಪರೇಷನ್ ದಿನ ಥಿಯೇಟರಿನ ಬಾಗಿಲಲ್ಲಿ ನರ್ಸು, "ಭಯ ಆಗ್ತಿದೆಯಾ ಅಮ್ಮಾ?" ಎಂದು ಕೇಳಿದಳು.

"ಇಲ್ಲಮ್ಮ. ಅಲ್ಲಿ ಯಾರೂ ಇಲ್ವಂತೆ," ಎಂದಳು ಅಕ್ಕ. ನರ್ಸಿಗೆ ಅರ್ಥವಾಗಲಿಲ್ಲ, ತಳ್ಳುಗಾಡಿಯನ್ನು ಒಳಗೆ ತಳ್ಳಿಕೊಂಡು ಹೋದಳು.

ಗಡ್ಡೆ ಪೂರ್ತಿ ಬಂತು. ಡಾಕ್ಟರು ಹೊರಗೆ ಬಂದು ಹೇಳಿದಾಗ ಅಕ್ಕನ ಮಗಳು ಅವನ ಭುಜಕ್ಕೆ ಹಣೆಯಿಟ್ಟು ಅತ್ತಳು. ಅವನು ಅವಳ ತಲೆ ಸವರುತ್ತ ಬೆಂಚಿನ ಮೇಲೆ ಕೂತಿದ್ದ. ತನ್ನ ಕಣ್ಣಲ್ಲೂ ನೀರಿದ್ದದ್ದು ಅವನಿಗೆ ತಡವಾಗಿ ಗೊತ್ತಾಯಿತು. ಅಕ್ಕನಿಗೆ ಭಾವನ ಭಯ ಹೋಯಿತು. ಅಲ್ಲಿ ಇರಬಹುದಾಗಿದ್ದ ಅಮ್ಮನೂ ಇಬ್ಬರ ಪಾಲಿಗೆ ಹೋದಳು.