ರೇಣವ್ವನ ಮೊಬೈಲಿಗೆ ಕೌದಿ

ಖಾನಾಪುರ ತಾಲೂಕಿನ ಗುಂಜಿಯಲ್ಲಿ ಮಳೆ ಹಿಡಿದರೆ ಮನೆಯ ಗೋಡೆಗಳೂ ಬೆವರುತ್ತವೆ. ರೇಣವ್ವ ತನ್ನ ಮೊಬೈಲನ್ನು ಹಳೇ ಸೀರೆಯ ಕೌದಿಯಲ್ಲಿ ಸುತ್ತಿ, ಒಲೆಯ ಪಕ್ಕದ ಗೂಡಿನಲ್ಲಿ ಚಾರ್ಜಿಗೆ ಇಟ್ಟಿದ್ದಳು.

ಮಗಳು ಮನಿಷಾ ತುಂಬು ಬಸುರಿ. ಹೆರಿಗೆಗೆ ತವರಿಗೆ ಬರಬೇಕಿತ್ತು. ಆದರೆ ದೊಡ್ಡಾಸ್ಪತ್ರೆ ಹತ್ತಿರವಿರಲಿ ಎಂದು ಡಾಕ್ಟರು ಗಂಡನ ಮನೆಯಿರುವ ಬೆಳಗಾವಿಯಲ್ಲೇ ಇರಲು ಹೇಳಿದ್ದರು. ಹಾಸಿಗೆ ಹಿಡಿದ ಅತ್ತೆಯನ್ನು ಬಿಟ್ಟು ರೇಣವ್ವ ಹೋಗುವಂತಿರಲಿಲ್ಲ. ಮಗಳ ದನಿ ಬರುವುದು ಆ ಮೊಬೈಲಿನಲ್ಲಷ್ಟೇ.

ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಪಕ್ಕದ ಮನೆಯ ಪೂರ್ಣಿಮಾ ಹಾಲಿಗೆಂದು ಬಂದಳು.

“ರೇಣಕ್ಕಾ, ಮೊಬೈಲೇನ್ ಬಾಣಂತಿ ಏನ್ರಿ? ಕೌದಿ ಹೊಚ್ಚಿ ಕೆಂಡದ ಬಾಜು ಮಲಗಿಸೀರಿ!”

“ನಗಬ್ಯಾಡವಾ. ಥಂಡಿ ಹತ್ತಿ ಕೆಟ್ರ ಮಗಳ ಫೋನ್ ಹೆಂಗ ಬರತೈತಿ?”

ಪೂರ್ಣಿಮಾ ಮುಟ್ಟಿದಳು. ಕೈ ಚುರ್ ಎಂದಿತು. ತಕ್ಷಣ ಸ್ವಿಚ್ ಆರಿಸಿ ಪ್ಲಗ್ ತೆಗೆದಳು.

“ಇದರೊಳಗ ಕೂದಲಕ್ಕಿಂತ ಎಷ್ಟೋ ಸಣ್ಣ ತಂತಿ ಅದಾವ್ರಿ. ಹರಿಯೋ ನೀರಿಗೆ ಗದ್ದಿ ಬದುವಿನ ಮಣ್ಣು ಸರೀತೈತಲ್ಲ, ಹಂಗ ಕರೆಂಟು ಆ ತಂತಿ ಲೋಹಾನ ಚೂರು ಚೂರ ತಳ್ಳತೈತಿ. ಒಂದ್ ಕಡೆ ಸವೀತೈತಿ, ಇನ್ನೊಂದ್ ಕಡೆ ಗುಡ್ಡಿ ಬೀಳತೈತಿ. ಕಡೀಕ ತಂತಿ ಹರೀತೈತಿ.”

“ನಾಳೀನ ಹರೀತೈತೇನ?”

“ಇಲ್ರೀ, ವರ್ಷಗಟ್ಲೆ ಬೇಕು. ಆದ್ರ ಬಿಸಿ ಹೆಚ್ಚಾದಂಗ ಜಲ್ದಿ. ಬ್ಯಾಟ್ರಿಗಂತೂ ಬಿಸಿ ಭಾಳ ಕೆಟ್ಟದ್ದು. ಉಬ್ಬತೈತಿ, ಬೆಂಕೀನೂ ಹತ್ತಬಹುದು. ಆಫ್ ಮಾಡಿ ಆರಾಕ ಬಿಡ್ರಿ.”

“ಆಫ್ ಬ್ಯಾಡ! ಅಷ್ಟರಾಗ ಬ್ಯಾನಿ ಬಂದು, ಅವ್ವಾ ಅಂತ ಕರದ್ರ?” ರೇಣವ್ವ ಬಿಸಿ ಮೊಬೈಲನ್ನು ಎದೆಗೆ ಒತ್ತಿಕೊಂಡಳು.

ಪೂರ್ಣಿಮಾ ತನ್ನ ಫೋನಿನಿಂದ ಮನಿಷಾಳಿಗೆ ಕರೆ ಮಾಡಿ, ವಿಷಯ ತಿಳಿಸಿ ರೇಣವ್ವನ ಕೈಗೆ ಕೊಟ್ಟಳು.

“ಅವ್ವಾ, ಉಂಡೇನ?”

“ನೀ ಉಂಡೇನವಾ? ನಿನ್ನ ತಲಿಗಿ ಎಣ್ಣಿ ಹಚ್ಚೋರೂ ಇಲ್ಲಲ್ಲ ಅಲ್ಲಿ…”

“ಕೂಸಿನ್ನ ಕರಕೊಂಡು ಬರತೇನಿ, ಇಬ್ರಿಗೂ ಹಚ್ಚುವಂತಿ. ನಿನ್ನ ಫೋನ್ ಹತ್ತಲಿಲ್ಲಂದ್ರ ಪೂರ್ಣಿಮಾಕ್ಕಗ ಮಾಡತೇನಿ. ಅಂಜಬ್ಯಾಡ.”

ರೇಣವ್ವ ಮೊಬೈಲ್ ಆಫ್ ಮಾಡಿ, ಒಲೆಯಿಂದ ದೂರದ ಹಲಗೆಯ ಮೇಲೆ ಇಟ್ಟಳು. ಅದು ಆರುವವರೆಗೂ ಎದುರೇ ಕುಳಿತಳು.

ಅಕ್ಕತಂಗಿಯರೇ, ನಾವೂ ಯಾರದೋ ದನಿಗಾಗಿ ಹೀಗೆಯೇ ಕಾಯುತ್ತೇವೆ. ಚಾರ್ಜಿಗಿಟ್ಟ ಮೊಬೈಲನ್ನು ಕೌದಿಯಲ್ಲಿ, ದಿಂಬಿನಡಿ, ಒಲೆಯ ಬಳಿ ಇಡಬೇಡಿ. ಒಣಗಿದ, ಗಾಳಿಯಾಡುವ ಜಾಗದಲ್ಲಿಡಿ. ಬಿಸಿಯಾದರೆ ಪ್ಲಗ್ ತೆಗೆದು ಆರಲು ಬಿಡಿ. ನೆರೆಯವರ ಒಂದು ನಂಬರನ್ನು ನಿಮ್ಮ ಮಕ್ಕಳಿಗೆ ಇಂದೇ ಕೊಟ್ಟಿಡಿ. ಕಾಯುವುದು ನಮಗೆ ತಪ್ಪಿದ್ದಲ್ಲ, ಅವರ ಕರೆ ಮಾತ್ರ ತಪ್ಪದಿರಲಿ.