ಈ ಕೋರು ಈ ಫೈಲಿನದ್ದಲ್ಲ

ಸಾಲು ಬಂತು, ಹೋಯಿತು, ಗೋಡೆಯ ಮೇಲೆ ಪ್ರೊಜೆಕ್ಟರು ಚೆಲ್ಲಿದ ಬೆಳಕಿನ ಚೌಕದಲ್ಲಿ ಅರೆಕ್ಷಣ ನಿಂತು ಮೇಲಕ್ಕೆ ಜಾರಿ ಮಾಯವಾಯಿತು, ಮೇಜಿನ ಸುತ್ತ ಕೂತವರು ಯಾರೂ ನೋಡಲಿಲ್ಲ, ಅವಳು ನೋಡಿದಳು, ಎಚ್ಚರಿಕೆ, ಈ ಕೋರ್ ಫೈಲು ಈ ಎಕ್ಸಿಕ್ಯೂಟಬಲ್ ಫೈಲಿಗೆ ಸೇರಿದ್ದಲ್ಲದಿರಬಹುದು, ಅಷ್ಟೇ, ಒಂದೇ ಸಾಲು, ಸತ್ತ ಪ್ರೋಗ್ರಾಮಿನ ತಪ್ಪು ಹುಡುಕಿಕೊಡುವ ಡೀಬಗರ್ ಅದನ್ನು ಕೂಗಿ ಹೇಳುವುದಿಲ್ಲ, ಕೆಂಪು ಬಳಿಯುವುದಿಲ್ಲ, ಎರಡನೇ ಸಲ ಹೇಳುವುದೂ ಇಲ್ಲ, ಥೇಟ್ ಅಮ್ಮನ ಹಾಗೆ, ಹೇಳೋದು ಹೇಳಿದ್ದೀನಿ, ಕೇಳೋದು ಬಿಡೋದು ನಿನ್ನಿಷ್ಟ, ಅಂದು ಅಡುಗೆಮನೆಗೆ ಹೋಗಿ ಕೇಳಿದ್ದನ್ನೇ ತಂದು ಬಡಿಸುವ ಅಮ್ಮ — ಇದೂ ಬಡಿಸಿತು, ಒಂದರ ಕೆಳಗೊಂದು ಪ್ರೋಗ್ರಾಮಿನ ತುಂಡುಗಳಾದ ಫಂಕ್ಷನ್ನುಗಳ ಹೆಸರು, ಸತ್ತದ್ದು ಯಾವುದರಲ್ಲೋ ಅದು ಮೇಲೆ, ಎಲ್ಲಕ್ಕಿಂತ ಮೇಲೆ ಅವಳು ಬರೆದ ಫಂಕ್ಷನ್ನು, ಗಂಟೆಯದು, ಡಯಾಲಿಸಿಸ್ ಯಂತ್ರಕ್ಕೆ ಏನಾದರೂ ಆದರೆ ವಾರ್ಡಿನವರಿಗೆಲ್ಲ ಕೇಳುವಂತೆ ಬಡಿದುಕೊಳ್ಳಬೇಕಾದ ಗಂಟೆ, ವಾರ್ಡಿನಲ್ಲಿ ಯಂತ್ರ ನಿಂತ ದಿನ ಬಡಿದುಕೊಳ್ಳದ ಗಂಟೆ. ಅಂದ್ಹಾಗೆ ಇಲ್ಲೇ ಇದೆ ನೋಡಿ ಸರ್, ಗಂಟೆ ಹೊಡೆಯೋಕೆ ಹೋಗಿ ಪ್ರೋಗ್ರಾಮು ಸತ್ತಿದೆ, ಅಂದ ತಂಡದ ಮುಖ್ಯಸ್ಥ, ಅವನ ಮಾತೆಲ್ಲ ಶುರುವಾಗುವುದು ಹಾಗೆಯೇ, ಅದಕ್ಕೇ ಆಫೀಸಿನಲ್ಲಿ ಅವನಿಗೆ ಅಂದಹಾಗೆ ಎಂದೇ ಹೆಸರು, ಬೆನ್ನ ಹಿಂದೆ ಮಾತ್ರ, ಅವನ ಬೆನ್ನೋ ಈಗ ಅವಳ ಕಡೆಗೇ ಇದೆ, ಇಸ್ತ್ರಿ ಮಾಡಿದ ಅಂಗಿ, ಕಾಲರಿನ ಹತ್ತಿರ ಬೆವರು, ಅವನೂ ಹೆದರಿದ್ದಾನೆ ಪಾಪ, ಪಾಪ ಅನ್ನಬಾರದು, ಪಾಪ ಅಂದೇ ಕೆಟ್ಟದ್ದು ಅವಳ ಅರ್ಧ ಆಯಸ್ಸು. ಯಜಮಾನರು ತಲೆಯಾಡಿಸಿದರು, ಕಂಪನಿ ಕಟ್ಟಿದವರು, ಯಂತ್ರದ ಮೇಲೆ ಅವರ ತಾಯಿಯ ಹೆಸರೇ ಇದೆ, ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ, ಹಾಗಾದ್ರೆ ಆಯ್ತಲ್ಲಮ್ಮ, ಗಂಟೆದು ತಪ್ಪು ಅಂತ ಒಪ್ಕೊಂಡುಬಿಡು, ತಪ್ಪು ಯಾರು ಮಾಡಲ್ಲ, ಸಂಜೆಯೊಳಗೆ ಸರಿಮಾಡಿ ಕಳಿಸೋಣ, ಆಸ್ಪತ್ರೆಯವರಿಗೂ ಸಮಾಧಾನ. ಎಲ್ಲರೂ ಅವಳ ಕಡೆ ನೋಡಿದರು. ಅವಳ ಕಾಲ ಹತ್ತಿರ ಪ್ರಯಾಣದ ಚೀಲ, ಆಸ್ಪತ್ರೆಯ ಊರಿನಿಂದ ಬಂದ ಬಸ್ಸಿಳಿದು ನೇರ ಇಲ್ಲಿಗೇ ಬಂದದ್ದು, ಮುಖವನ್ನೂ ಸರಿಯಾಗಿ ತೊಳೆದಿಲ್ಲ.

ಕೋರು ಅಂದರೆ ಏನು ಅಂದುಕೊಂಡಿದ್ದೀರಿ ಯಜಮಾನರೇ, ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ, ಒಳಗೇ ಹೇಳಿಕೊಂಡಳು, ಪ್ರೋಗ್ರಾಮು ಓಡುತ್ತಾ ಓಡುತ್ತಾ ದೊಪ್ಪನೆ ಬಿದ್ದು ಸಾಯುತ್ತದಲ್ಲ, ಸಾಯುವ ಗಳಿಗೆಯಲ್ಲಿ ಅದರ ತಲೆಯಲ್ಲಿ ಏನೇನಿತ್ತೋ ಅಷ್ಟನ್ನೂ ಇದ್ದ ಹಾಗೇ ಒಂದು ಫೈಲಿಗೆ ಸುರಿಯುತ್ತದೆ, ಆ ಫೈಲೇ ಕೋರು, ಅದರಲ್ಲಿ ಸುಳ್ಳಿಲ್ಲ, ಆದರೆ ಹೆಸರೂ ಇಲ್ಲ, ಬರೀ ಅಂಕಿ, ಇಂಥ ನಂಬರಿನ ಜಾಗದಲ್ಲಿ ಇದ್ದೆ, ಅಲ್ಲಿಗೆ ಇಂಥ ನಂಬರಿನ ಜಾಗದಿಂದ ಬಂದೆ, ಅಷ್ಟೇ ಹೇಳುತ್ತದೆ, ಆ ನಂಬರಿನ ಮನೆ ಯಾರದ್ದು ಅಂತ ಹೇಳಬೇಕಾದ್ದು ಎಕ್ಸಿಕ್ಯೂಟಬಲ್ಲು, ಓಡುತ್ತಿದ್ದ ಆ ಪ್ರೋಗ್ರಾಮೇ, ಅದೇ, ಅದರಂಥದ್ದಲ್ಲ, ಅದರ ತಮ್ಮನಲ್ಲ — ಎರಡನ್ನೂ ಎದುರುಬದುರು ಕೂರಿಸಿ ಮಾತಾಡಿಸುವುದಷ್ಟೇ ಡೀಬಗರಿನ ಕೆಲಸ. ಮೂರನೇ ಮನೆ ಅಂದರೆ ಯಾವ ಬೀದಿಯ ಮೂರನೇ ಮನೆ? ಬೀದಿಯೇ ತಪ್ಪಿದರೂ ಮೂರನೇ ಮನೆ ಅಂತ ಒಂದು ಇದ್ದೇ ಇರುತ್ತದೆ, ಬಾಗಿಲು ತಟ್ಟಿದರೆ ಯಾರೋ ಒಬ್ಬರು ತೆರೆಯುತ್ತಾರೆ, ಸಿಕ್ಕಿದ ಕಳ್ಳ ಅಂತ ಹಿಡಿದುಕೊಂಡು ಹೋಗುವುದು, ಇದೇ ಇಲ್ಲಿ ಆಗುತ್ತಿರುವುದು, ಎಮ್ಮೆಗೆ ಜ್ವರ, ಎತ್ತಿಗೆ ಬರೆ. ಮೊದಲ ಕೆಲಸದಲ್ಲಿ ಕಲಿಸಿದ ದಪ್ಪ ಕನ್ನಡಕದ ಮೇಡಂ ಹೇಳುತ್ತಿದ್ದರು, ಕೋರನ್ನ ಒಂಟಿಯಾಗಿ ತರಬೇಡ ಮಗಳೇ, ಜೊತೆಗೆ ಓಡ್ತಾ ಇದ್ದಿದ್ದನ್ನೂ ಕರ್ಕೊಂಡು ಬಾ, ಇಲ್ದಿದ್ರೆ ಅದು ಊರವರ ಬಾಗಿಲೆಲ್ಲ ತಟ್ಟುತ್ತೆ. ಅವಳು ತಂದಿದ್ದಾಳೆ. ಕೋರನ್ನು ನಿನ್ನೆ ವಾರ್ಡಿನಿಂದಲೇ ಕಳಿಸಿದ್ದಳು, ಯಂತ್ರದೊಳಗಿದ್ದ ಎಕ್ಸಿಕ್ಯೂಟಬಲ್ ನನ್ನ ಹತ್ತಿರ ಇದೆ, ನಾನು ಬರೋವರೆಗೂ ತೆರೀಬೇಡಿ, ಅಂತ ಆಫೀಸಿಗೆ ಫೋನಿನಲ್ಲೂ ಹೇಳಿದ್ದಳು, ಅಂದಹಾಗೆ ಕಾಯಲಿಲ್ಲ, ಅಂದ್ಹಾಗೆ ನಮ್ಮ ಆಫೀಸಲ್ಲೇ ಇದ್ಯಲ್ಲ ಹೊಸ ಎಕ್ಸಿಕ್ಯೂಟಬಲ್ಲು, ಅದರಲ್ಲೇ ನೋಡ್ತೀನಿ ಬಿಡಿ. ಹೊಸದರಲ್ಲಿ ನೋಡಿದ. ಹೆಸರು ಸಿಕ್ಕಿತು. ನಂಬಿದ. ಅವನು ಸುಳ್ಳ ಅಲ್ಲ, ಅದೇ ಕಷ್ಟ, ಸುಳ್ಳನಾಗಿದ್ದರೆ ಹಿಡಿಯಬಹುದಿತ್ತು.

ಕಪ್ಪು ಹಿಡಿಕೆ. ಯಂತ್ರದ ಎದೆಯ ಮೇಲೆ ಮಡಚಿಟ್ಟ ಗೇಣುದ್ದದ ಹಿಡಿಕೆ, ಯಾರೂ ಮುಟ್ಟದೆ ದೂಳು ಕೂತಿತ್ತಂತೆ, ನಿನ್ನೆ ವಾರ್ಡಿನಲ್ಲಿ ನರ್ಸು ಅದನ್ನು ಬಿಚ್ಚಿ ತೋರಿಸಿದಳು, ಬಲಗೈಗೆ ಬಟ್ಟೆ ಸುತ್ತಿಕೊಂಡಿದ್ದಳು, ಯಂತ್ರ ಶಬ್ದ ಮಾಡ್ಲಿಲ್ಲ ಮೇಡಂ, ಶಬ್ದ ನಿಂತುಹೋಯ್ತು, ಅದಕ್ಕೇ ತಿರುಗಿ ನೋಡ್ದೆ, ನಿಮ್ಮ ಗಂಟೆ ಎಲ್ಲಿತ್ತು ಆವಾಗ? — ಕೋಪದಿಂದ ಕೇಳಿದ್ದಲ್ಲ, ತಿಳಿಯಬೇಕು ಅಂತ ಕೇಳಿದ್ದು, ಅದು ಇನ್ನೂ ಚುಚ್ಚುತ್ತದೆ, ರಕ್ತ ತಿರುಗಿಸುವ ಪಂಪು ನಿಂತಿದೆ, ಮಂಚದ ಮೇಲೆ ರೋಗಿ, ಒಬ್ಬ ದರ್ಜಿ, ಅವನ ರಕ್ತದಲ್ಲಿ ಒಂದು ಪಾಲು ಯಂತ್ರದ ಕೊಳವೆಯಲ್ಲಿ, ಹಾಗೇ ಬಿಟ್ಟರೆ ಅಲ್ಲೇ ಹೆಪ್ಪುಗಟ್ಟುತ್ತದೆ, ಒಂದು ಕೈಯಲ್ಲಿ ಹಿಡಿಕೆ ತಿರುಗಿಸಬೇಕು, ಇನ್ನೊಂದು ಕೈಯಲ್ಲಿ ಕೊಳವೆ ಹಿಡಿದು ಗಾಳಿಯ ಗುಳ್ಳೆ ಹೋಗದಂತೆ ನೋಡಬೇಕು, ಜೋರಾಗಿಯೂ ಆಗಬಾರದು ನಿಧಾನವೂ ಆಗಬಾರದು, ಡಾಕ್ಟರ ಕೋಣೆಯಿಂದ ವಾರ್ಡಿನ ಫೋನು ಹೊಡ್ಕೊಳ್ತಾನೇ ಇತ್ತು ಮೇಡಂ, ಹೊಡ್ಕೊಂಡು ಹೊಡ್ಕೊಂಡು ನಿಂತ್ಕೊಳ್ತು, ಮತ್ತೆ ಹೊಡ್ಕೊಳ್ತು, ಎರಡೂ ಕೈ ಇಲ್ಲಿರುವಾಗ ಎತ್ತೋದು ಯಾರು, ಅಂದಳು. ದರ್ಜಿ ಮಂಚದ ಮೇಲಿಂದ ಅವಳ ಕೈಯನ್ನೇ ನೋಡುತ್ತಿದ್ದನಂತೆ, ಸಿಸ್ಟರ್, ನಿಮಗೆ ಹೊಲಿಗೆ ಮಿಷನ್ನು ಬರುತ್ತಾ, ಕೈ ಒಂದೇ ಸಮ ಓಡ್ತಾ ಇದೆ, ಅಂದನಂತೆ, ಮಾತಾಡ್ಬೇಡಿ ಸುಮ್ನೆ ಮಲಗಿ ಅಂತ ಗದರಿದಳಂತೆ, ಆಮೇಲೆ ರಕ್ತವೆಲ್ಲ ಮೈಗೆ ಸೇರಿದ ಮೇಲೆ ಇಬ್ಬರೂ ನಕ್ಕರಂತೆ, ನಗುವಾಗಲೇ ನರ್ಸಿಗೆ ಅಂಗೈಯ ಚರ್ಮ ಎದ್ದದ್ದು ಗೊತ್ತಾದದ್ದು. ಅದೇ ವಾರ್ಡಿನಲ್ಲಿ ಇನ್ನೂ ಮೂರು ಯಂತ್ರ, ಅದೇ ಹೊತ್ತಿಗೆ ಬಂದದ್ದು, ನಿನ್ನೆ ಅವಳು ನೋಡುತ್ತಿದ್ದ ಹಾಗೆಯೇ ಮೂರರ ಪಂಪೂ ಗಿರಗಿರ ತಿರುಗುತ್ತಿತ್ತು, ನಿಲ್ಲಿಸಿ ಅಂತ ಯಾವ ಬಾಯಲ್ಲಿ ಹೇಳುವುದು, ಯಾಕೆ ಅಂತ ಕೇಳಿದರೆ ಅವಳ ಹತ್ತಿರ ಉತ್ತರ ಇರಲಿಲ್ಲ, ಹೊರಗೆ ಬೆಂಚಿನ ಮೇಲೆ ಸರದಿ ಕಾಯುತ್ತಾ ಕೂತವರ ಕಾಲು ಊದಿಕೊಂಡಿತ್ತು.

ಏನಮ್ಮ, ಮಾತೇ ಇಲ್ಲ, ಅಂದರು ಯಜಮಾನರು. ಮಾತೇ ಇಲ್ಲ — ಇದನ್ನೇ ಅವನೂ ಹೇಳುತ್ತಿದ್ದ, ಗಂಡ ಆಗಿದ್ದವನು, ಏನಾದ್ರೂ ಮಾತಾಡು ಮಾರಾಯ್ತಿ, ಗೋಡೆ ಜೊತೆ ಸಂಸಾರ ಮಾಡ್ದ ಹಾಗಿದೆ, ಅವಳು ಹ್ಞೂಂ ಅನ್ನುತ್ತಿದ್ದಳು, ಅತ್ತೆ ಕಿಟಕಿ ಮುಚ್ಚು ಅಂದರೆ ಹ್ಞೂಂ, ತೆರೆ ಅಂದರೆ ಹ್ಞೂಂ, ಕೆಲಸ ಬಿಡು ಅಂದಾಗ ಕೂಡ ಒಂದು ವರ್ಷ ಹ್ಞೂಂ ಅಂದು ಮನೆಯಲ್ಲಿ ಕೂತಿದ್ದಳು, ತುಟಿ ಪಿಟಕ್ ಅನ್ನಲಿಲ್ಲ, ಒಂದು ದಿನ ಚಪ್ಪಲಿ ಹಾಕಿಕೊಂಡು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಬಂದುಬಿಟ್ಟಳು, ಒಂದಿಷ್ಟೂ ಶಬ್ದ ಇಲ್ಲದೆ. ಈಗ ಅಣ್ಣ ಏನನ್ನುತ್ತಾನೆ, ಮೊನ್ನೆ ಅವನ ಮನೆಯಲ್ಲಿ ಊಟಕ್ಕೆ ಕೂತಾಗ, ನಿನ್ನ ಈ ಬಾಯಿ ಇದ್ಯಲ್ಲ, ಇದಕ್ಕೇ ನಿನ್ನ ಸಂಸಾರ ನಿಲ್ಲಲಿಲ್ಲ, ಅತ್ತಿಗೆ ಮುಸಿಮುಸಿ ನಕ್ಕಳು, ಚಿಕ್ಕಮ್ಮ ಕೂಡ ಹೌದೌದು ಅಂದಳು. ಈ ಬಾಯಿ ಆಗ ಎಲ್ಲಿತ್ತೋ ಅಣ್ಣ? ಈ ಬಾಯಿ ಆ ಬಾಗಿಲಿನಿಂದ ಈಚೆ ಬಂದ ಮೇಲೆ ಒಂದೊಂದೇ ಹಲ್ಲು ಮೂಡಿದ ಹಾಗೆ ಮೂಡಿದ್ದು, ಸತ್ತ ಸಂಸಾರ ಇವಳದ್ದಲ್ಲ, ಆ ಹ್ಞೂಂ ಅನ್ನುವವಳದ್ದು, ಇವಳನ್ನು ಕೂರಿಸಿಕೊಂಡು ಅದನ್ನು ಓದಿದರೆ ಹೆಸರೇನೋ ಸಿಗುತ್ತದೆ, ತಪ್ಪು ಹೆಸರು — ಹಳೆ ಕೋರು, ಹೊಸ ಎಕ್ಸಿಕ್ಯೂಟಬಲ್ಲು, ಅಣ್ಣನಿಗೂ ಒಂದು ಸಾಲಿನ ಎಚ್ಚರಿಕೆ ಯಾರಾದರೂ ಕೊಡಬಾರದಿತ್ತೇ, ಅಮ್ಮನಾದರೂ, ಅಮ್ಮ ಕೊಟ್ಟಿದ್ದಳು ಅನ್ನಿಸುತ್ತದೆ, ಅವಳು ಹಾಗಿರ್ಲಿಲ್ಲ ಕಣೋ ಆವಾಗ, ಅಂತ ಒಂದೇ ಸಲ, ಪಾತ್ರೆ ಎತ್ತುತ್ತಾ, ಆಮೇಲೆ ಅವನಿಗೆ ಇನ್ನೊಂದು ಚಮಚ ಬಡಿಸಿದಳು. ಅದೇ ಆಗಬಾರದು. ಹೇಳಿ ಬಡಿಸುವುದು ಆಗಬಾರದು. ಒಂದು ಸಲ ಹೇಳಿ ಕೈತೊಳೆದುಕೊಳ್ಳುವುದು ಡೀಬಗರಿಗೆ ಒಪ್ಪುತ್ತದೆ, ಅದು ಯಂತ್ರ, ಅಮ್ಮನಿಗೂ ಒಪ್ಪಿಹೋಗಿದೆ, ಅವಳ ಕಾಲ ಹಾಗಿತ್ತು, ನನಗೆ ಒಪ್ಪುವುದಿಲ್ಲ, ಒಪ್ಪುವುದಿಲ್ಲ ಅಂತ ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಗೇ ಬಂದಿತ್ತು.

ಏನು ಒಪ್ಪಲ್ಲ, ಅಂದರು ಯಜಮಾನರು. ಆ ಕೋರು ಈ ಫೈಲಿನದ್ದಲ್ಲ ಸರ್, ಮೇಲೆ ಹೋಗಿ, ಮೊದಲನೇ ಸಾಲು ಓದಿ, ಅಂದಳು, ಅಂದಹಾಗೆ ತಿರುಗಿ ನೋಡಿದ, ಅಂದ್ಹಾಗೆ ಅದು ಯಾವಾಗ್ಲೂ ಬರುತ್ತೆ ಕಣ್ರೀ, ಅದನ್ನ ಯಾರು ಓದ್ತಾರೆ, ಅಂದ, ನಾನು ಓದ್ತೀನಿ, ಈಗ ನೀವು ಓದಿ ಗಟ್ಟಿಯಾಗಿ, ಎಲ್ಲರಿಗೂ ಕೇಳೋ ಹಾಗೆ, ಅಂದಳು. ಅವನು ಓದಲಿಲ್ಲ. ಯಜಮಾನರೇ ಕನ್ನಡಕ ಏರಿಸಿ ಮೆಲ್ಲಗೆ ಓದಿದರು, ಸೇರಿದ್ದಲ್ಲದಿರಬಹುದು ಅಂದ್ರೆ ಸೇರಿದ್ದೂ ಇರಬಹುದಲ್ವಾ, ಅಂದರು, ಅಡ್ಡಗೋಡೆ ಮೇಲೆ ದೀಪ, ಆಯ್ತು, ದೀಪ ಎತ್ತಿ ಎದುರಿಗಿಟ್ಟೇ ನೋಡೋಣ ಅಂದುಕೊಂಡು ಚೀಲದಿಂದ ತನ್ನ ಲ್ಯಾಪ್‌ಟಾಪು ತೆಗೆದಳು, ಅಂದಹಾಗೆಯ ಕಂಪ್ಯೂಟರಿನಿಂದ ಪ್ರೊಜೆಕ್ಟರಿನ ತಂತಿ ಕಿತ್ತು ತನ್ನದಕ್ಕೆ ಸಿಕ್ಕಿಸಿದಳು, ಗೋಡೆ ಒಮ್ಮೆ ನೀಲಿಯಾಯಿತು, ಏರ್ ಕಂಡಿಷನರಿನ ನೀರು ಮೂಲೆಯ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ನೋಡಮ್ಮ, ಯಜಮಾನರ ದನಿ ತಗ್ಗಿತು, ಇದರಲ್ಲೂ ನಿನ್ನ ಗಂಟೆಯೇ ಬಂದ್ರೆ ನಾನು ನಿನ್ನ ಪರ ನಿಲ್ಲೋಕಾಗಲ್ಲ, ಈಗಲೇ ಒಪ್ಕೊಂಡ್ರೆ ಕೆಲಸ ಉಳಿಯುತ್ತೆ. ಬರಲಿ ಸರ್. ನನ್ನದೇ ಬಂದರೂ ಬರಲಿ. ಅವಳಿಗೂ ಗೊತ್ತಿಲ್ಲ, ಇನ್ನೂ ತೆರೆದೇ ನೋಡಿಲ್ಲ, ಹೋದರೆ ಕೆಲಸ ಹೋಗಲಿ, ಅಣ್ಣ ಇನ್ನೊಂದು ಮಾತು ಸೇರಿಸಿಕೊಳ್ಳಲಿ, ಬಾಯಿಯಿಂದ ಸಂಸಾರ ಹೋಯಿತು ಕೆಲಸವೂ ಹೋಯಿತು ಅಂತ, ಆದರೆ ತಪ್ಪು ಬಾಗಿಲು ತಟ್ಟಿ ಗಂಟೆ ಸರಿಮಾಡಿ ಕೂತರೆ ಆ ಪಂಪು ಮತ್ತೆ ನಿಲ್ಲುತ್ತದೆ, ನರ್ಸು ಊಟಕ್ಕೆ ಹೋದಾಗ ನಿಲ್ಲುತ್ತದೆ. ಮೊದಲು ಎಕ್ಸಿಕ್ಯೂಟಬಲ್ಲಿನ ಹೆಸರು ಬರೆದಳು, ಯಂತ್ರದ ಹೊಟ್ಟೆಯಿಂದ ತಂದದ್ದು, ಪಕ್ಕದಲ್ಲಿ ಕೋರಿನ ಹೆಸರು, ಎಂಟರ್ ಒತ್ತಿದಳು.

ಎಚ್ಚರಿಕೆಯ ಸಾಲು ಬರಲಿಲ್ಲ. ಡೀಬಗರ್ ಏನೂ ಗೊಣಗದೆ ಕೋರನ್ನು ತೆಗೆದುಕೊಂಡಿತು, ಹೆಸರುಗಳು ಇಳಿದವು, ಗಂಟೆ ಮೇಲೆ ಇಲ್ಲ, ಕೆಳಗೂ ಇಲ್ಲ, ಎಲ್ಲೂ ಇಲ್ಲ, ಗಂಟೆಯ ತನಕ ಹೋಗುವ ಮುಂಚೆಯೇ ಸತ್ತಿದೆ, ಎಲ್ಲಕ್ಕಿಂತ ಮೇಲೆ ಪಂಪಿನ ವೇಗ ನೋಡಿಕೊಳ್ಳುವ ಫಂಕ್ಷನ್ನು, ಅದರ ಬಾಲಕ್ಕೆ ಆತುರ ಎಂಬ ಪದ, ಹಾಗೆ ಹೆಸರಿಡುವವನು ಆಫೀಸಿನಲ್ಲಿ ಒಬ್ಬನೇ, ತಾತ್ಕಾಲಿಕವಾಗಿ ಏನನ್ನು ಬರೆದರೂ ಆತುರ ಅಂತ ಬಾಲ ಅಂಟಿಸಿ ಆಮೇಲೆ ತೆಗೀತೀನಿ ಅನ್ನುವವನು. ಅಂದಹಾಗೆ ಕೂತುಬಿಟ್ಟ. ಈ ಸಲ ಅವನ ಮಾತು ಅಂದ್ಹಾಗೆ ಇಲ್ಲದೇ ಶುರುವಾಯಿತು, ಯಂತ್ರ ಕೂರಿಸೋ ಹಿಂದಿನ ದಿನ ಪಂಪು ಸ್ವಲ್ಪ ಅದುರ್ತಾ ಇತ್ತು ಸರ್, ನನ್ನ ಕಂಪ್ಯೂಟರಲ್ಲೇ ಒಂದು ತೇಪೆ ಮಾಡಿ ಹಾಕಿ ಬಂದೆ, ಆಮೇಲೆ ಸರಿಯಾದ್ದನ್ನ ಹಾಕೋದು ಮರೆತೇಹೋಯ್ತು. ಗೆದ್ದೆ ಅಂತ ಅನ್ನಿಸಬೇಕಿತ್ತು, ಅನ್ನಿಸಲಿಲ್ಲ. ಎಷ್ಟು ಯಂತ್ರಕ್ಕೆ ಹಾಕಿದ್ರಿ, ಅಂತ ಕೇಳಿದಳು, ನಾಲ್ಕಕ್ಕೂ, ಅಂದ. ಯಜಮಾನರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು, ಇದು ಈ ಕೋಣೆ ಬಿಟ್ಟು ಹೋಗೋದು ಬೇಡ, ಮೊದಲು ನಾವು ನಾವೇ ಮಾತಾಡ್ಕೊಳ್ಳೋಣ, ಸಂಜೆ ಹೊತ್ತಿಗೆ — ಸಂಜೆ ಅಲ್ಲ ಸರ್, ಈಗ, ಅಂದಳು, ಫೋನು ಕೈಯಲ್ಲೇ ಇತ್ತು, ಇಡಮ್ಮ ಅದನ್ನ, ಅಂದರು, ಇಡಲ್ಲ, ಹೇಳಿ ಬಡಿಸುವವಳಲ್ಲ ನಾನು, ಕೆಲಸದಿಂದ ತೆಗೀರಿ, ಮಾತಾಡಿದ ಮೇಲೆ ತೆಗೀರಿ, ವಾರ್ಡಿನ ನಂಬರು ಒತ್ತಿದಳು, ಹೊಡೆದುಕೊಳ್ಳುತ್ತಿದೆ, ಅಲ್ಲಿ ಬಾಗಿಲ ಪಕ್ಕದ ಗೋಡೆಯ ಮೇಲಿನ ಹಳೆ ಫೋನು, ನರ್ಸು ಈಗ ಅಲ್ಲೇ ಇರಬೇಕು, ಬೆಳಗಿನ ಸರದಿ ಅವಳದ್ದೇ ಅಂದಿದ್ದಳು, ಎತ್ತಬೇಕು, ಮೂರು ಯಂತ್ರ ನಿಲ್ಲಿಸಿ, ಒಂದೊಂದಾಗಿ, ರಕ್ತ ವಾಪಸ್ಸು ಕಳಿಸಿ ಆಮೇಲೆ ನಿಲ್ಲಿಸಿ, ಮಾತು ಸಿದ್ಧ ಇದೆ, ಹೊಡೆದುಕೊಳ್ಳುತ್ತಿದೆ, ಯಜಮಾನರು ಏನೋ ಹೇಳುತ್ತಿದ್ದಾರೆ, ಹೊಡೆದುಕೊಂಡು ಹೊಡೆದುಕೊಂಡು ನಿಂತಿತು, ಮತ್ತೆ ಒತ್ತಿದಳು, ಮತ್ತೆ ಹೊಡೆದುಕೊಳ್ಳುತ್ತಿದೆ, ಎರಡೂ ಕೈ ಇಲ್ಲಿರುವಾಗ ಎತ್ತೋದು ಯಾರು — ಇನ್ನೊಂದು ಪಂಪೂ ನಿಂತಿತೇ, ಎತ್ತು ಸಿಸ್ಟರ್, ಎತ್ತು — ಕಪ್ಪು ಹಿಡಿಕೆ, ಬಟ್ಟೆ ಸುತ್ತಿದ ಕೈ, ಜೋರಾಗಿಯೂ ಅಲ್ಲ, ನಿಧಾನವಾಗಿಯೂ ಅಲ್ಲ, ತಿರುಗುತ್ತಿದೆ.